ಕಡಿಮೆ ಖರ್ಚಿನ ವಿಪಿಎನ್ ಆರಿಸುವ ಮುನ್ನ

ನಮ್ಮ ಇಂಟರ್ನೆಟ್ ಸಂಪರ್ಕವನ್ನು ಗೂಢಲಿಪಿಯಲ್ಲಿ ತನ್ನ ಸರ್ವರ್ ಮೂಲಕ ಕಳಿಸುವ ಸೇವೆಯಾದ ವಿಪಿಎನ್ ಹಾಕಿಕೊಂಡ ಮಾತ್ರಕ್ಕೆ ಅಂತರ್ಜಾಲದಲ್ಲಿ ಯಾರೂ ಅದೃಶ್ಯರಾಗುವುದಿಲ್ಲ. ಇಂಟರ್ನೆಟ್ ಕಂಪನಿಗೆ ಕಾಣುತ್ತಿದ್ದ ನಮ್ಮ ಓಡಾಟ ವಿಪಿಎನ್ ಕಂಪನಿಗೆ ಕಾಣತೊಡಗುತ್ತದೆ, ಅಷ್ಟೆ. ಆದ್ದರಿಂದ ಬೆಲೆಗಿಂತ ಮೊದಲು, ಆ ಕಂಪನಿ ಬಳಕೆದಾರರ ದಾಖಲೆ ಇಟ್ಟುಕೊಳ್ಳುತ್ತದೆಯೇ ಎಂಬುದನ್ನು ನೋಡಬೇಕು. ಏನನ್ನೂ ದಾಖಲಿಸುವುದಿಲ್ಲವೆಂದು ಬಹುತೇಕ ಎಲ್ಲರೂ ಹೇಳಿಕೊಳ್ಳುತ್ತಾರೆ. ಹೊರಗಿನ ಪರಿಶೋಧಕರು ಅದನ್ನು ಪರೀಕ್ಷಿಸಿ ವರದಿ ಪ್ರಕಟಿಸಿದ್ದರೆ ಮಾತ್ರ ಆ ಮಾತಿಗೆ ತೂಕವಿದೆ. 2023ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಪೊಲೀಸರು ಶೋಧನಾ ವಾರಂಟ್ ಹಿಡಿದು ಮುಲ್ವಾಡ್ ಎಂಬ ವಿಪಿಎನ್ ಕಂಪನಿಯ ಕಚೇರಿಗೆ ಹೋದಾಗ, ಕೊಡಲು ಗ್ರಾಹಕರ ಮಾಹಿತಿಯೇ ಇಲ್ಲದ್ದರಿಂದ ಅವರು ಬರಿಗೈಯಲ್ಲಿ ಮರಳಿದರೆಂದು ಕಂಪನಿ ತಿಳಿಸಿತು.

ಭಾರತದಲ್ಲಿ ಇನ್ನೊಂದು ತೊಡಕಿದೆ. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ (ಅಂತರ್ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮುಂತಾದ ವಿವರಗಳನ್ನು ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ನಿರ್ದೇಶಿಸಿದಾಗ, ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಇಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದುಹಾಕಿದವು. ಹೀಗಾಗಿ ಆ್ಯಪ್‌ನಲ್ಲಿ 'ಭಾರತ' ಎಂದು ಕಾಣುವ ಸರ್ವರ್ ಹೊರದೇಶದಲ್ಲಿರಬಹುದು.

ಬೆಲೆಯಲ್ಲಿ ಮೋಸಹೋಗುವುದು ನವೀಕರಣದ ಹೊತ್ತಿಗೆ: ಎರಡು ವರ್ಷದ ಯೋಜನೆಯ ಅಗ್ಗದ ದರ ಅವಧಿ ಮುಗಿದ ಮೇಲೆ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ, ಆದ್ದರಿಂದ ನವೀಕರಣದ ದರವನ್ನು ಮೊದಲೇ ಓದಿ, ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆಯನ್ನು ನಿಲ್ಲಿಸಿಡುವುದು ಒಳ್ಳೆಯದು. ಸಂಪೂರ್ಣ ಉಚಿತ ಸೇವೆಗಳನ್ನು ಅನುಮಾನದಿಂದಲೇ ನೋಡಬೇಕು. ಫೇಸ್‌ಬುಕ್ ಒಡೆತನದ ಉಚಿತ ವಿಪಿಎನ್ ಒನಾವೊ ಬಳಕೆದಾರರ ಮಾಹಿತಿಯನ್ನೇ ಸಂಗ್ರಹಿಸುತ್ತಿತ್ತು. ಪ್ರೋಟಾನ್ ವಿಪಿಎನ್‌ನ ಉಚಿತ ಯೋಜನೆ ಇದಕ್ಕೆ ಅಪವಾದ: ಅದರಲ್ಲಿ ಡೇಟಾ ಮಿತಿಯಿಲ್ಲ, ಅದರ ವೆಚ್ಚವನ್ನು ಹಣ ಕೊಡುವ ಗ್ರಾಹಕರು ಭರಿಸುತ್ತಾರೆ. ಕೊನೆಯದಾಗಿ, ವಿಪಿಎನ್ ಸಂಪರ್ಕ ಕಡಿದುಹೋದಾಗ ಇಂಟರ್ನೆಟ್ಟನ್ನೇ ತಡೆಯುವ ಕಿಲ್ ಸ್ವಿಚ್ ಇದೆಯೇ ಎಂದು ನೋಡಿ, ಹಣ ಹಿಂತಿರುಗಿಸುವ ಅವಧಿಯೊಳಗೆ ಮನೆಯ ವೈಫೈ ಮತ್ತು ಮೊಬೈಲ್ ಡೇಟಾ ಎರಡರಲ್ಲೂ ಪರೀಕ್ಷಿಸಬೇಕು.