ಸ್ಪೀಕರ್ ಹುಚ್ಚು ಮತ್ತು ನನ್ನ ನಿವೃತ್ತಿ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನನ್ನ ಆಡಿಯೋ ಹುಚ್ಚಿನ ಕತೆ ಥೇಟ್ ಅದೇ. ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಇಪ್ಪತ್ತೈದನೇ ವಯಸ್ಸಿಗೆ ಕಿವಿ ಚುರುಕಾಗಿತ್ತು, ಸಂಬಳ ಬಾಡಿಗೆಗೇ ಸರಿಹೋಗುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ, 2017ರಲ್ಲಿ, ಕಿವಿ ಪರೀಕ್ಷೆ ಮಾಡಿಸಿದೆ. 4000 ಹರ್ಟ್ಸ್ (ಸದ್ದು ಎಷ್ಟು ಕೀರಲು ಅನ್ನುವ ಅಳತೆ) ದಾಟಿದ ಮೇಲೆ ವರದಿಯ ಗೆರೆ ನಂದಿಬೆಟ್ಟದ ರಸ್ತೆ ಥರ ಇಳಿದಿತ್ತು.

ಆ ಕಾಗದದಿಂದ ಲಕ್ಷಗಟ್ಟಲೆ ಉಳಿಯಿತು. 40,000 ಹರ್ಟ್ಸ್ ತನಕ ಹೋಗುವ ಸ್ಪೀಕರ್‌ಗೆ ಅಡ್ವಾನ್ಸ್ ಕೊಡುವವನಿದ್ದೆ. ಎಳೇ ಕಿವಿಗೂ 20,000ದ ಆಚೆ ಕೇಳಿಸುವುದಿಲ್ಲ. ಯಾರಿಗೆ ಕೊಳ್ಳುತ್ತಿದ್ದೆ, ಪಕ್ಕದ ಮನೆ ನಾಯಿಗಾ?

ನಿವೃತ್ತಿಗೆ ಎರಡು ವರ್ಷ ಇತ್ತು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದೆ: ಸಾಮಾನು, ಕೊಟ್ಟ ದುಡ್ಡು, ಕೊನೇ ಸಲ ಕೇಳಿದ್ದು ಯಾವಾಗ. ಮಾನ ಕಳೆದಿದ್ದು ಮೂರನೆಯದು. ಎರಡು ಆಂಪ್ಲಿಫೈಯರ್ ವರ್ಷದಿಂದ ಪ್ಲಗ್ಗೇ ಕಂಡಿರಲಿಲ್ಲ. "ಇವಕ್ಕೆ ಬಾಡಿಗೆ ಯಾರು ಕೊಡ್ತಾರೆ?" ಅಂದಳು ಹೆಂಡತಿ. ಎರಡನ್ನೂ ಮಾರಿದೆ. ಅವಸರಕ್ಕೆ ಬಿದ್ದು ಒಂದು ಜೊತೆ ಸ್ಪೀಕರನ್ನೂ ಅರ್ಧ ರೇಟಿಗೆ ಕೊಟ್ಟುಬಿಟ್ಟೆ. ಅದು ಇನ್ನೂ ಹೊಟ್ಟೆ ಉರಿಸುತ್ತದೆ.

ಪಿಎಫ್, ಗ್ರಾಚ್ಯುಟಿ ಮುಟ್ಟುವ ಹಾಗಿಲ್ಲ ಅಂತ ಮೊದಲೇ ಮಾತಾಗಿತ್ತು. ನಮ್ಮಂಥವರಿಗೆ ಪಿಎಫ್ ಜೊತೆ ಬರುವ ಇಪಿಎಸ್ ಪೆನ್ಷನ್ ಎಷ್ಟು ಚಿಕ್ಕದು ಅಂತ ಗೊತ್ತೇ ಇದೆಯಲ್ವಾ? ಹಾಗಾಗಿ ಸಂಬಳ ಬರುವಾಗಲೇ ಸವೆಯುವ ಸಾಮಾನು ಕೊಂಡಿಟ್ಟೆ. 2018ರಲ್ಲಿ ಶ್ಯೂರ್ ಕಂಪನಿ ಟರ್ನ್‌ಟೇಬಲ್ ಕಾರ್ಟ್ರಿಜ್ (ರೆಕಾರ್ಡ್ ಮೇಲೆ ಓಡುವ ಸೂಜಿ ಕೂರುವ ಭಾಗ) ಮಾಡುವುದನ್ನೇ ನಿಲ್ಲಿಸಿತು. ಸುದ್ದಿ ಕೇಳಿದ ವಾರವೇ ಎರಡು ಸೂಜಿ ತರಿಸಿಕೊಂಡೆ. ಎಸ್‌ಪಿ ರೋಡಿನಲ್ಲಿ ಹುಡುಕಿ ಎಂಟು ಇಎಲ್84 ವಾಲ್ವ್ (ಹಳೇ ಥರದ ಆಂಪ್ಲಿಫೈಯರ್ ಒಳಗಿನ ಗಾಜಿನ ಬುರುಡೆ) ತಂದೆ. ಒಂದು ಕಾಲಕ್ಕೆ ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲೇ ತಯಾರಾಗುತ್ತಿದ್ದವು ಅವು. ನನ್ನ ಆಂಪ್ಲಿಫೈಯರ್‌ಗೆ ನಾಲ್ಕು ಸಾಕು, ಉಳಿದ ನಾಲ್ಕು ನನ್ನ ಮುಪ್ಪಿಗೆ.

2019ರಲ್ಲಿ ರಿಟೈರ್ ಆದೆ. ಈಗ ವಾರಕ್ಕೆರಡು ದಿನ ಹಳೇ ವಾಲ್ವ್ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಹೆಚ್ಚಿನದರಲ್ಲಿ ಕರೆಂಟ್ ಹಿಡಿದಿಡುವ ಕೆಪಾಸಿಟರ್ ಒಣಗಿರುತ್ತದೆ, ಸ್ಪೀಕರ್ ಗುಂಯ್ ಅನ್ನುತ್ತಿರುತ್ತದೆ. ಸುಮ್ನೆ ಕೈ ಹಾಕುವ ಕೆಲಸ ಅಲ್ಲ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟ್ ಕೂತಿರಬಹುದು. ಎಡಗೈ ಜೇಬಿನಲ್ಲಿ, ಬಲಗೈಯಲ್ಲಿ ಆ ಕರೆಂಟ್ ಇಳಿಸಲು ರೆಸಿಸ್ಟರ್ ಕಟ್ಟಿದ ವೈರು. ಮೀಟರ್ ಸೊನ್ನೆಗೆ ಇಳಿಯುವ ತನಕ ಯಾರೂ ನನ್ನನ್ನು ಮಾತಾಡಿಸಬಾರದು, ಕಾಫಿಗೂ ಕರೆಯಬಾರದು. ಬಂದ ದುಡ್ಡು ಒಂದು ಬಿಸ್ಕತ್ ಡಬ್ಬಕ್ಕೆ ಹೋಗುತ್ತದೆ. ಹೊಸ ಎಲ್‌ಪಿ ಬೇಕಾದರೆ ಆ ಡಬ್ಬದಿಂದಲೇ. ಡಬ್ಬ ಖಾಲಿ ಇದ್ದರೆ ಇರುವುದನ್ನೇ ಕೇಳುತ್ತೇನೆ.

ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಹಾಕಿದರೆ ನನಗೆ ಏನೂ ಕಮ್ಮಿ ಅನಿಸುವುದಿಲ್ಲ. ಮಂದ್ರದ ತಂತಿಗೆ ನನ್ನ ಕಿವಿ ಸಾಕು. ಕಷ್ಟ ಬರುವುದು ಟ್ವೀಟರ್, ಅಂದರೆ ಕೀರಲು ಸದ್ದಿನ ಪುಟ್ಟ ಸ್ಪೀಕರ್, ಪರೀಕ್ಷೆ ಮಾಡುವಾಗ. ಆಗ ಮೊಮ್ಮಗಳನ್ನು ಕರೆಯುತ್ತೇನೆ. 12,000 ಹರ್ಟ್ಸ್ ಟೋನ್ ಇಟ್ಟರೆ ನನಗೆ ಗೋಡೆ ಗಡಿಯಾರದ ಸದ್ದು ಬಿಟ್ಟು ಬೇರೇನೂ ಇಲ್ಲ. ಅವಳು ಎರಡೂ ಕಿವಿ ಮುಚ್ಚಿಕೊಂಡು "ಸಾಕು ತಾತ!" ಅಂತ ಕಿರುಚುತ್ತಾಳೆ. ಟ್ವೀಟರ್ ಸರಿ ಇದೆ ಅಂತ ಬರೆದುಕೊಳ್ಳುತ್ತೇನೆ. ಸಲಕ್ಕೆ ಒಂದು ಐಸ್‌ಕ್ರೀಮ್ ಅವಳ ಫೀಸು, ಅದೂ ಡಬ್ಬದ ದುಡ್ಡಿನಿಂದಲೇ.