ಎನ್‌ಡಿ ಫಿಲ್ಟರ್: ನಾನು ಆರು ಸ್ಟಾಪ್ ಆರಿಸಿಕೊಂಡಿದ್ದು ಯಾಕೆ?

ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ) ಫಿಲ್ಟರ್ ಅಂದರೆ ಲೆನ್ಸ್ ಮುಂದೆ ಹಾಕಿ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು. ಅದನ್ನು ಕೊಳ್ಳಲು ಹೊರಟವರಿಗೆ ಮೊದಲು ತಲೆ ಕೆಡಿಸುವುದು ಅದರ ನಂಬರ್‌ಗಳು. ಒಂದು ಡಬ್ಬಿಯ ಮೇಲೆ ಎನ್‌ಡಿ64 ಅಂತ ಇರುತ್ತದೆ, ಇನ್ನೊಂದರ ಮೇಲೆ 1.8, ಮತ್ತೊಂದರ ಮೇಲೆ 6 ಸ್ಟಾಪ್. ಮೂರೂ ಒಂದೇ. ಸ್ಟಾಪ್ ಅನ್ನುವುದು ಬೆಳಕಿನ ಅಳತೆ, ಪ್ರತಿ ಸ್ಟಾಪ್‌ಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಆರು ಸಲ ಅರ್ಧ ಮಾಡಿದರೆ ಉಳಿಯುವುದು 64ರಲ್ಲಿ ಒಂದು ಪಾಲು. 1.8 ಅನ್ನುವುದು ಸಾಂದ್ರತೆಯ ಲೆಕ್ಕ, ಅದರಲ್ಲಿ 0.3ಕ್ಕೆ ಒಂದು ಸ್ಟಾಪ್. ನಾನು ಎಲ್ಲವನ್ನೂ ಸ್ಟಾಪ್‌ಗೆ ತಂದುಕೊಂಡೇ ಯೋಚಿಸುತ್ತೇನೆ. ಕ್ಯಾಮೆರಾದ ಶಟರ್ (ಬೆಳಕು ಒಳಬಿಡುವ ಹೊತ್ತು), ಅಪರ್ಚರ್ (ಲೆನ್ಸ್‌ನ ತೂತು), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಎಲ್ಲದರ ಲೆಕ್ಕವೂ ಅದರಲ್ಲೇ ನಡೆಯುತ್ತದಲ್ವಾ?

ಫಿಲ್ಟರ್ ಎಷ್ಟು ಕಪ್ಪಗಿರಬೇಕು ಎಂಬ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಂಡೆ. ಮೊದಲು ಕೇಳಿಕೊಂಡಿದ್ದು, ಫೋಟೋದಲ್ಲಿ ನೀರು ಹೇಗೆ ಕಾಣಬೇಕು ಅಂತ. ಜಲಪಾತದ ನೀರಿನಲ್ಲಿ ಎಳೆ ಎಳೆ ಉಳಿಯಬೇಕು, ಅದು ಬಂಡೆಗೆ ಬಡಿದು ತಿರುಗುವ ದಿಕ್ಕು ಗೊತ್ತಾಗಬೇಕು. ಹಾಲು ಸುರಿದಂತೆ ಬರೀ ಬಿಳಿಯಾದರೆ ನನಗೆ ಇಷ್ಟವಿಲ್ಲ. ಎಳೆ ಉಳಿಯಬೇಕೆಂದರೆ ಶಟರ್ ಸುಮಾರು ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ಇರಬೇಕು. ಮೋಡ ಕವಿದ ಹಗಲಲ್ಲಿ ಐಎಸ್‌ಒ 100, ಎಫ್/8 ಇಟ್ಟರೆ ಕ್ಯಾಮೆರಾದ ಬೆಳಕಿನ ಮೀಟರ್ 1/60 ಸೆಕೆಂಡು ತೋರಿಸಿತು ಅಂದುಕೊಳ್ಳಿ. ಅಲ್ಲಿಂದ 1/30, 1/15, 1/8, 1/4, 1/2, ಒಂದು ಸೆಕೆಂಡು. ಬೆರಳು ಮಡಚಿ ಎಣಿಸಿದರೆ ಆರು ಸ್ಟಾಪ್. ಅದೇ ಜಾಗದಲ್ಲಿ ಹತ್ತು ಸ್ಟಾಪ್‌ನ ಫಿಲ್ಟರ್ ಹಾಕಿದರೆ ಸುಮಾರು 17 ಸೆಕೆಂಡು ಬೇಕು. ಎಳೆಯೆಲ್ಲ ಅಳಿಸಿಹೋಗುತ್ತದೆ, ಗಾಳಿಗೆ ಎಲೆಗಳೂ ಕಲಸಿಕೊಳ್ಳುತ್ತವೆ.

ಫಿಲ್ಟರ್ ಯಾಕೆ, ಅಪರ್ಚರ್ ಎಫ್/22ಕ್ಕೆ ಇಳಿಸಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಇಳಿಸಬಹುದು. ಆದರೆ ಅಷ್ಟು ಸಣ್ಣ ತೂತಿನಲ್ಲಿ ಬೆಳಕು ಬಾಗಿ ಚಿತ್ರವೆಲ್ಲ ಮೆತ್ತಗಾಗುತ್ತದೆ. ಒಳ್ಳೆಯ ಲೆನ್ಸ್ ಇಟ್ಟುಕೊಂಡು ಹಾಗೆ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ವಿಡಿಯೊಗೂ ಲೆಕ್ಕ ಹಾಕಿ ನೋಡಿದೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಚಲನೆ ಸಹಜವಾಗಿ ಕಾಣಲು ಶಟರ್ 1/50ರ ಆಸುಪಾಸು ಇಡುವುದು ವಾಡಿಕೆ. ಸುಡುಬಿಸಿಲಿನಲ್ಲಿ ಐಎಸ್‌ಒ 100ಕ್ಕೆ ಎಫ್/16, 1/100 ಎನ್ನುವುದು ಹಳೆಯ ನಿಯಮ. ನನಗೆ ಎಫ್/2.8 ಬೇಕು. ಎಫ್/16ರಿಂದ 2.8ರವರೆಗೆ ಐದು ಸ್ಟಾಪ್, 1/100ರಿಂದ 1/50ಕ್ಕೆ ಒಂದು. ಮತ್ತೆ ಆರೇ! ಹಾಗಾಗಿ ಮೊದಲು ಕೊಂಡಿದ್ದು ಆರು ಸ್ಟಾಪ್‌ನ ಫಿಲ್ಟರ್, ಆಮೇಲೆ ಮೂರು ಸ್ಟಾಪ್‌ನದ್ದು. ಎರಡನ್ನೂ ಸೇರಿಸಿದರೆ ಒಂಬತ್ತು. ಲಾಗ್ ಪ್ರೊಫೈಲ್‌ನಲ್ಲಿ (ಬಣ್ಣವನ್ನು ಆಮೇಲೆ ತಿದ್ದಿಕೊಳ್ಳಲು ಮಂಕಾಗಿ ದಾಖಲಿಸುವ ವಿಡಿಯೊ ವಿಧಾನ) ಕೆಲವು ಕ್ಯಾಮೆರಾಗಳ ಐಎಸ್‌ಒ 800ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಆಗ ಆ ಹೆಚ್ಚಿನ ಮೂರು ಸ್ಟಾಪ್ ಬೇಕೇ ಬೇಕು. ಆದರೆ ವೈಡ್ ಲೆನ್ಸ್ (ಅಗಲ ನೋಟದ ಲೆನ್ಸ್) ಮೇಲೆ ಎರಡು ಫಿಲ್ಟರ್ ಪೇರಿಸಿದರೆ ಚಿತ್ರದ ಮೂಲೆಗಳು ಕಪ್ಪಾಗಬಹುದು.

ಹತ್ತು ಸ್ಟಾಪ್‌ನದ್ದು ಕೆಟ್ಟದ್ದು ಅಂತಲ್ಲ. ಹಗಲಲ್ಲೇ ಸಮುದ್ರವನ್ನು ಅಲೆಯೇ ಇಲ್ಲದಂತೆ ನುಣುಪಾಗಿಸಬೇಕು, ಮೋಡ ಓಡಿದ ಗೆರೆ ಬೇಕು ಅಂದರೆ ಅದೇ ಸರಿ. ಆದರೆ ಮೊದಲ ಫಿಲ್ಟರ್ ಆಗಿ ಅದನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ದಟ್ಟ ಮರದ ನೆರಳಲ್ಲಂತೂ ಮೂರು ಸ್ಟಾಪ್ ಸಾಕಾಗುತ್ತದೆ. ಕೆಲವೊಮ್ಮೆ ಬರೀ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ಸಾಕು. ಅದು ಹೇಗೂ ಒಂದೆರಡು ಸ್ಟಾಪ್ ತಿನ್ನುತ್ತದೆ, ಜೊತೆಗೆ ಒದ್ದೆ ಬಂಡೆಯ ಹೊಳಪನ್ನೂ ತೆಗೆಯುತ್ತದೆ.

ತಿರುಗಿಸಿದರೆ ಕಪ್ಪು ಹೆಚ್ಚುಕಡಿಮೆಯಾಗುವ ವೇರಿಯಬಲ್ ಎನ್‌ಡಿ ನೋಡಲು ಆಕರ್ಷಕ. ಒಳಗಿರುವುದು ಎರಡು ಪೋಲರೈಸರ್. ಒಂದು ಇನ್ನೊಂದಕ್ಕೆ ಅಡ್ಡ ಬಂದಷ್ಟೂ ಬೆಳಕು ಕಡಿಮೆ. ವೈಡ್ ಲೆನ್ಸ್‌ನಲ್ಲಿ ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಗುಣಾಕಾರದ ಚಿಹ್ನೆಯಂತೆ ಕಪ್ಪು ಪಟ್ಟೆ ಬೀಳುತ್ತದೆ. ನೀಲಿ ಆಕಾಶ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ. ವಿಡಿಯೊ ಮಾಡುತ್ತಾ ಬಿಸಿಲು ನೆರಳಿಗೆ ಓಡಾಡುವವರಿಗೆ ಅದರಷ್ಟು ಅನುಕೂಲ ಬೇರೆ ಇಲ್ಲ. ಕೊಳ್ಳುವುದಾದರೆ ತಿರುಗಿಸುವಾಗ ಎರಡೂ ಕೊನೆಯಲ್ಲಿ ತಡೆ ಇರುವುದನ್ನೇ ಆರಿಸಿ. ಟ್ರೈಪಾಡ್ ಮೇಲಿನ ನನ್ನ ಫೋಟೋಗಳಿಗೆ ಮಾತ್ರ ನಾನು ಅದನ್ನು ಹಾಕುವುದಿಲ್ಲ.

ಸೈಜಿನ ವಿಷಯದಲ್ಲಿ ಯೋಚಿಸುವುದು ಹೆಚ್ಚೇನಿಲ್ಲ. ನಿಮ್ಮ ಲೆನ್ಸ್‌ಗಳಲ್ಲಿ ಫಿಲ್ಟರ್ ಕೂರುವ ಬಾಯಿ ಅತಿ ದೊಡ್ಡದಾಗಿರುವುದು 77 ಮಿಮೀ ಇದ್ದರೆ ಆ ಅಳತೆಯದ್ದನ್ನೇ ತೆಗೆದುಕೊಳ್ಳಿ, ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸ್‌ಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಸಾಕು. ಸಣ್ಣ ಲೆನ್ಸ್‌ಗೆ ಅದರ ಹುಡ್ (ಬಿಸಿಲಿಗೆ ಅಡ್ಡ ಇಡುವ ಮರೆ) ಕೂರುವುದಿಲ್ಲ ಅನ್ನುವುದೊಂದೇ ತೊಂದರೆ.

ಫಿಲ್ಟರ್ ಕೈಗೆ ಬಂದ ಕೂಡಲೇ ನಾನು ಮಾಡುವ ಪರೀಕ್ಷೆ ಇದು. ಬೆಳಕು ಬದಲಾಗದ ಹೊತ್ತಲ್ಲಿ, ನೇರ ಬಿಸಿಲು ಬೀಳದ ಬಿಳಿ ಗೋಡೆಯ ಮುಂದೆ ಕ್ಯಾಮೆರಾ ನಿಲ್ಲಿಸುತ್ತೇನೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೋದಲ್ಲಿ ಬಿಡದೆ ಒಂದೇ ಕಡೆ ಇಡುತ್ತೇನೆ. ಫಿಲ್ಟರ್ ಇಲ್ಲದೆ 1/60, ಆರು ಸ್ಟಾಪ್ ಹಾಕಿ ಒಂದು ಸೆಕೆಂಡು. ಎರಡರ ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ತೋರಿಸುವ ಬೆಳಕಿನ ನಕ್ಷೆ) ಒಂದೇ ಜಾಗದಲ್ಲಿ ಕೂರಬೇಕು. ಎಡಕ್ಕೆ ಸರಿದರೆ ಫಿಲ್ಟರ್ ಹೇಳಿದ್ದಕ್ಕಿಂತ ಕಪ್ಪು, ಬಲಕ್ಕೆ ಸರಿದರೆ ತಿಳಿ. ಅರ್ಧ ಸ್ಟಾಪ್‌ವರೆಗೆ ವ್ಯತ್ಯಾಸ ಬಂದರೆ ಅದನ್ನು ಡಬ್ಬಿಯ ಮೇಲೆ ಬರೆದಿಡುತ್ತೇನೆ. ಆಮೇಲೆ ಬಣ್ಣ. ಚಿತ್ರವೆಲ್ಲ ಒಂದೇ ಸಮ ನೀಲಿಗೋ ಕಂದಿಗೋ ತಿರುಗಿದ್ದರೆ ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ಸರಿಪಡಿಸಬಹುದು. ನಡುವೆ ಒಂದು ಬಣ್ಣ, ಮೂಲೆಯಲ್ಲಿ ಇನ್ನೊಂದು ಬಣ್ಣ ಇದ್ದರೆ ಆ ಫಿಲ್ಟರ್ ವಾಪಸ್. ಕೊನೆಗೆ ಬಿಸಿಲಲ್ಲಿ ಒಂದು ಕಪ್ಪು ಬಟ್ಟೆಯ ಫೋಟೋ. ಇನ್‌ಫ್ರಾರೆಡ್ ತಡೆಯದ ಗಾಢ ಫಿಲ್ಟರ್‌ಗಳಲ್ಲಿ ಅದು ಕೆಂಪು ಮಿಶ್ರಿತ ಕಂದಾಗಿ ಕಾಣುತ್ತದೆ, ಅದನ್ನು ಸರಿಪಡಿಸುವುದು ತುಂಬಾ ಕಷ್ಟ.

ಫೋಟೋ ತೆಗೆಯುವಾಗ ಫೋಕಸ್ ಮೊದಲು ಮಾಡಿ, ಮ್ಯಾನ್ಯುಯಲ್‌ಗೆ ಬದಲಿಸಿ, ಆಮೇಲೆ ಫಿಲ್ಟರ್ ತಿರುಗಿಸಿ ಹಾಕುತ್ತೇನೆ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಹಿಂದೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಮುಚ್ಚಬೇಕು, ಇಲ್ಲದಿದ್ದರೆ ಅಲ್ಲಿಂದಲೂ ಬೆಳಕು ನುಗ್ಗುತ್ತದೆ. 30 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಸಾಮಾನ್ಯವಾಗಿ ಬಲ್ಬ್ ಮೋಡ್ (ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ವಿಧಾನ) ಬೇಕು, ಜೊತೆಗೆ ರಿಮೋಟ್ ಇದ್ದರೆ ಒಳ್ಳೆಯದು. ಇನ್ನೊಂದು ಮಾತು, ಎಷ್ಟೇ ಕಪ್ಪಗಿದ್ದರೂ ಈ ಫಿಲ್ಟರ್ ಮೂಲಕ ಕಣ್ಣಿಟ್ಟು ಸೂರ್ಯನನ್ನು ನೋಡಲೇಬೇಡಿ. ಹತ್ತು ಸ್ಟಾಪ್‌ನದ್ದು ಸಾವಿರದಲ್ಲಿ ಒಂದು ಪಾಲು ಬೆಳಕು ಬಿಡುತ್ತದೆ. ಗ್ರಹಣ ನೋಡುವ ಫಿಲ್ಟರ್ ಬಿಡುವುದು ಸುಮಾರು ಲಕ್ಷದಲ್ಲಿ ಒಂದು ಪಾಲು, ಅಥವಾ ಅದಕ್ಕಿಂತಲೂ ಕಡಿಮೆ.