ಹಳೆ ಕಥೆಯನ್ನು ನಾಟಕ ಮಾಡುವ ಮುಂಚೆ ಹಕ್ಕು ನೋಡಿಕೊಳ್ಳುವುದು ಹೇಗೆ?

ತುಮಕೂರಿನ ಹವ್ಯಾಸಿ ತಂಡಗಳಿಗೆ ನಾನು ರಂಗರೂಪ ಬರೆದುಕೊಡುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ತಂಡ ರವೀಂದ್ರನಾಥ ಟ್ಯಾಗೋರರ ಕಥೆಯೊಂದನ್ನು ಎತ್ತಿಕೊಂಡಿತು. ಎರಡು ತಿಂಗಳು ತಾಲೀಮು ನಡೆಯಿತು, ಟಿಕೆಟ್ ಅಚ್ಚಾಯಿತು. ಪ್ರದರ್ಶನಕ್ಕೆ ನಾಲ್ಕು ದಿನ ಇದ್ದಾಗ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ‘ಇದು ನಮ್ಮಪ್ಪ ಕನ್ನಡಕ್ಕೆ ತಂದ ಮಾತು. ನಮ್ಮನ್ನು ಒಂದು ಮಾತು ಕೇಳಬೇಕಿತ್ತಲ್ವಾ?’ ಎಂದರು. ಅವರು ಕೇಳಿದ್ದು ನ್ಯಾಯ. ನಾಟಕ ನಿಂತುಹೋಯಿತು. ಇನ್ನೊಂದು ತಂಡಕ್ಕೆ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಲೇಖಕರು ತೀರಿಕೊಂಡ ವರ್ಷ ಹುಡುಕಿ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ (ಕಾಪಿರೈಟ್) ಲೇಖಕರ ಜೀವಿತಕಾಲ, ಆಮೇಲೆ 60 ವರ್ಷ. ಎಣಿಕೆ ಶುರುವಾಗುವುದು ಮುಂದಿನ ಜನವರಿ 1ರಿಂದ. ಟ್ಯಾಗೋರ್ ತೀರಿಕೊಂಡದ್ದು 1941ರಲ್ಲಿ, ಹಾಗಾಗಿ 2002ರಿಂದ ಅವರ ಬಂಗಾಳಿ ಬರಹ ಎಲ್ಲರ ಸೊತ್ತು. ತ್ರಿವೇಣಿಯವರು ಹೋದದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳ ಅವಧಿ 2023ರ ಕೊನೆಗೆ ಮುಗಿಯಿತು. ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದದ್ದಾದರೆ ಲೆಕ್ಕ ಬೇರೆ, ಅಚ್ಚಾದ ವರ್ಷದಿಂದ 60. ಇಲ್ಲಿ ‘ತುಂಬಾ ಹಳೆಯದು’ ಅನ್ನುವ ಅಂದಾಜು ನಡೆಯುವುದಿಲ್ಲ. ಕೋಲಾರ ಜಿಲ್ಲೆಯ ಮಾಸ್ತಿಯವರ ಕಥೆಗಳು ನೂರು ವರ್ಷ ಹಳೆಯವು ಇವೆ. ಆದರೆ ಅವರು 1986ರವರೆಗೆ ಬಾಳಿದರು, ಹಕ್ಕು 2046ರ ಕೊನೆವರೆಗೂ ಇದೆ. ಕೋಲಾರದಲ್ಲೇ ಹುಟ್ಟಿದ ಅನಕೃ 1971ರಲ್ಲಿ ಹೋದರು. ಅವರ ಕಾದಂಬರಿಗೆ 2032ರ ಜನವರಿವರೆಗೆ ಕಾಯಬೇಕು, ಇಲ್ಲವೇ ಮನೆಯವರನ್ನು ಕೇಳಬೇಕು.

ಎರಡನೇ ಹೆಜ್ಜೆಯಲ್ಲೇ ಜಾಸ್ತಿ ಜನ ಎಡವುವುದು. ನಿಮ್ಮ ಕೈಯಲ್ಲಿರುವ ಪುಸ್ತಕದಲ್ಲಿ ಯಾರ ಮಾತು ಇದೆ? ಟಾಲ್‌ಸ್ಟಾಯ್ 1910ರಲ್ಲಿ ಹೋದರು, ಸರಿ. ಆದರೆ ನೀವು ಓದಿದ್ದು ರಷ್ಯನ್ ಅಲ್ಲ, ಕನ್ನಡ. ಆ ಕನ್ನಡ ಅನುವಾದಕರದ್ದು. ಅನುವಾದಕ್ಕೆ ಅದರದ್ದೇ ಹಕ್ಕು ಇದೆ, ಅದು ಅನುವಾದಕರ ಆಯಸ್ಸಿನ ಲೆಕ್ಕದಲ್ಲಿ ನಡೆಯುತ್ತದೆ. ಅವರ ಒಂದು ಸಂಭಾಷಣೆ ಎತ್ತಿ ನಿಮ್ಮ ಪಾತ್ರದ ಬಾಯಿಗೆ ಇಟ್ಟರೂ ಅದು ಅವರದ್ದೇ. ಅವರು ಊರಿನ ಹೆಸರು ಬದಲಿಸಿ, ಮಲೆನಾಡಿನ ಮನೆಯೊಂದನ್ನು ತಾವೇ ಕಟ್ಟಿ ಸೇರಿಸಿದ್ದರೆ ಆ ಮನೆಯೂ ಅವರದ್ದು. ಪಾತ್ರಗಳ ಹೆಸರು ಬದಲಿಸಿ ಪಾರಾಗಬಹುದು ಅಂದುಕೊಳ್ಳಬೇಡಿ. ಸುಮ್ನೆ ಮಾತುಗಳನ್ನು ಅಲ್ಲಲ್ಲಿ ತಿರುಚುವುದೂ ಬೇಡ, ಓದಿದವರಿಗೆ ಗೊತ್ತಾಗಿಬಿಡುತ್ತದೆ.

ನಾನು ಮಾಡುವುದು ಹೀಗೆ. ಮೂಲ ಭಾಷೆ ಬಲ್ಲವರನ್ನು ಹುಡುಕಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಅವರು ಮೂಲ ನೋಡಿಕೊಂಡು ಕಥೆ ಹೇಳುತ್ತಾರೆ, ನಾನು ದೃಶ್ಯಗಳನ್ನು ಹೊಸದಾಗಿ ಬರೆಯುತ್ತೇನೆ. ಕನ್ನಡ ಅನುವಾದವನ್ನು ಆ ದಿನಗಳಲ್ಲಿ ಕಪಾಟಿನಿಂದ ತೆಗೆಯುವುದೇ ಇಲ್ಲ. ಒಳ್ಳೆಯ ಸಾಲು ಮನಸ್ಸಿನಲ್ಲಿ ಉಳಿದುಬಿಡುತ್ತದೆ, ನಮಗೇ ತಿಳಿಯದೆ ಪೆನ್ನಿಗೆ ಬರುತ್ತದೆ. ಅಷ್ಟು ಪುರುಸೊತ್ತಿಲ್ಲದವರು ಅನುವಾದಕರ ಒಪ್ಪಿಗೆ ಪಡೆಯಿರಿ. ನಾನು ಕೇಳಿದವರಲ್ಲಿ ಹೆಚ್ಚಿನವರು ಖುಷಿಯಿಂದಲೇ ಕೊಟ್ಟಿದ್ದಾರೆ.

ಪುಸ್ತಕದಲ್ಲಿ ‘ಮರುಮುದ್ರಣ 2019’ ಎಂದಿದ್ದರೆ ಹೆದರಬೇಡಿ. ಮತ್ತೆ ಅಚ್ಚು ಹಾಕಿದರೆ ಮುಗಿದ ಹಕ್ಕು ಮತ್ತೆ ಹುಟ್ಟುವುದಿಲ್ಲ. ಆದರೆ ಹೊಸ ಮುನ್ನುಡಿ, ಹೊಸ ಚಿತ್ರಗಳನ್ನು ಮುಟ್ಟಬೇಡಿ. ಟೆಲಿಗ್ರಾಂನಲ್ಲಿ ಓಡಾಡುವ ಪಿಡಿಎಫ್‌ಗಳನ್ನಂತೂ ನಂಬಲೇಬೇಡಿ. ಎಷ್ಟೋ ಸಲ ಹಕ್ಕಿನ ವಿವರ ಇರುವ ಪುಟವನ್ನೇ ಬಿಟ್ಟು ಸ್ಕ್ಯಾನ್ ಮಾಡಿರುತ್ತಾರೆ.

ಮೂರನೆಯದು ಸಿನಿಮಾ. ಕಾದಂಬರಿ ಎಲ್ಲರದ್ದಾದರೂ ಅದರ ಮೇಲೆ ತೆಗೆದ ಸಿನಿಮಾ ಎಲ್ಲರದ್ದಲ್ಲ. ಸಿನಿಮಾಗೆ ಬಿಡುಗಡೆಯಿಂದ 60 ವರ್ಷ. ಪುಟ್ಟಣ್ಣ ಕಣಗಾಲರ ‘ಶರಪಂಜರ’ ನಮ್ಮ ಕಣ್ಣಲ್ಲಿ ಎಷ್ಟು ಕೂತಿದೆ ಅಂದರೆ, ತ್ರಿವೇಣಿಯವರ ಪುಸ್ತಕ ಓದುವಾಗಲೂ ಕಲ್ಪನಾ ಅವರೇ ಕಾಣುತ್ತಾರೆ. ಆ ಸಿನಿಮಾದಲ್ಲಿನ ‘ಉತ್ತರ ಧ್ರುವದಿಂ’ ಹಾಡು ಬೇಂದ್ರೆಯವರ ಕವನ. ಅವರು ಹೋದದ್ದು 1981ರಲ್ಲಿ, ಕವನದ ಹಕ್ಕು 2041ರ ಕೊನೆವರೆಗೆ. ರಾಗದ ಹಕ್ಕು ಬೇರೆ, ಧ್ವನಿಮುದ್ರಣದ್ದು ಇನ್ನೂ ಬೇರೆ. ಸಿನಿಮಾದಲ್ಲಿದ್ದು ಪುಸ್ತಕದಲ್ಲಿ ಇಲ್ಲದ್ದನ್ನು ರಂಗಕ್ಕೆ ತರಬೇಡಿ.

ನಾಲ್ಕು: ಒಪ್ಪಿಗೆ ಬೇಕಿದ್ದರೆ ಕಾಗದದ ಮೇಲೆ ಪಡೆಯಿರಿ. ಪ್ರಕಾಶಕರು ‘ಮಾಡ್ಕೊಳ್ಳಿ’ ಅಂದರೆ ಸಾಲದು. ಎಷ್ಟೋ ಸಲ ಅವರಿಗಿರುವುದು ಅಚ್ಚು ಹಾಕುವ ಹಕ್ಕು ಮಾತ್ರ, ನಾಟಕದ ಹಕ್ಕು ಲೇಖಕರ ಮಕ್ಕಳ ಹತ್ತಿರ ಇರುತ್ತದೆ. ಎಷ್ಟು ಪ್ರದರ್ಶನ, ಯಾವ ಊರು, ವಿಡಿಯೊ ಸೇರಿದೆಯೋ ಇಲ್ಲವೋ, ಎಲ್ಲ ಬರೆಸಿ. ಹಕ್ಕನ್ನೇ ಬರೆಸಿಕೊಳ್ಳುವುದಾದರೆ ಅವಧಿ ಕಾಣಿಸಿ. ಕಾಣಿಸದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಎಣಿಸುತ್ತದೆ.

ಟಿಕೆಟ್ ಇಲ್ಲದ ಹವ್ಯಾಸಿ ಪ್ರದರ್ಶನಕ್ಕೂ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವ ನಾಟಕಕ್ಕೂ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಅದು ಆಡುವುದಕ್ಕೆ ಅಷ್ಟೇ. ಅದನ್ನು ನಂಬಿ ರಂಗರೂಪವನ್ನು ಅಚ್ಚು ಹಾಕಿಸಬೇಡಿ, ಯೂಟ್ಯೂಬ್‌ಗೂ ಹಾಕಬೇಡಿ.

ಯೂಟ್ಯೂಬ್ ಅಂದಾಗ ಇನ್ನೊಂದು ಮಾತು. ಇಲ್ಲಿ ಅವಧಿ ಮುಗಿದಿದ್ದರೂ ಅಮೆರಿಕದಲ್ಲಿ ಮುಗಿದಿರಲಿಕ್ಕಿಲ್ಲ. ಅಲ್ಲಿ ಹಳೆಯ ಪುಸ್ತಕಗಳಿಗೆ ಅಚ್ಚಾದ ವರ್ಷದಿಂದ 95 ವರ್ಷದ ಲೆಕ್ಕ. 1950ರ ದಶಕದ ಕಾದಂಬರಿಯಾದರೆ ವಿಡಿಯೊವನ್ನು ಹೊರದೇಶಕ್ಕೆ ತೆರೆಯುವ ಮುಂಚೆ ಲೇಖಕರ ಮನೆಯವರಿಗೆ ಒಂದು ಪತ್ರ ಬರೆಯಿರಿ. ಪೋಸ್ಟರ್ ಮೇಲೆ ಮೂಲ ಲೇಖಕರ ಹೆಸರು ನಿಮ್ಮ ಹೆಸರಿಗಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಇರಲಿ.